ಪಿಕ್ ಕೊಳ್ಳಿ, ಟೆನ್ಷನ್ ಪಟ್ಟಿ ಮಾಡಿಕೊಳ್ಳಿ

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು, ಆನ್‌ಲೈನ್‌ನಲ್ಲಿ ಸಿಗುವ ಹದಿನೈದು ಪಿಕ್‌ಗಳ ಅಗ್ಗದ ಸೆಟ್ಟು; ಪಿಕ್ ಅಂದರೆ ಕೀ ಇಲ್ಲದೆ ಬೀಗ ಬಿಡಿಸಲು ಒಳಗೆ ತೂರಿಸುವ ಸಣ್ಣ ಕಡ್ಡಿ. ಜೊತೆಗೆ ಒಳಗಿನದೆಲ್ಲ ಕಾಣುವಂಥ ಪ್ಲಾಸ್ಟಿಕ್ ಬೀಗ ಬಿಟ್ಟಿ. ಇನ್ನೊಂದು, ಗ್ಯಾರೇಜಿನಲ್ಲಿ ಇಂಜಿನ್ನಿನ ಟ್ಯಾಪೆಟ್ ಸಂದು ಅಳೆಯುವ ಫಿಲ್ಲರ್ ಗೇಜ್, ಬೇರೆ ಬೇರೆ ದಪ್ಪದ ತೆಳು ಸ್ಟೀಲ್ ಎಲೆಗಳ ಕಂತೆ. ಬೀಗ ಬಿಡಿಸುವ ಹವ್ಯಾಸಕ್ಕೆ ಇಳಿಯುವವರು ಯಾವುದಕ್ಕೆ ದುಡ್ಡು ಹಾಕಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ, ನಿದ್ದೆ ಬಂದವರು ಮಲಗಬಹುದು. ಮೊದಲ ಎರಡು ಪಿಕ್ ಕೊಳ್ಳಿ, ಒಳ್ಳೆಯವನ್ನೇ ಕೊಳ್ಳಿ. ಟೆನ್ಷನ್ ಪಟ್ಟಿಯನ್ನು, ಅಂದರೆ ಬೀಗದ ಉರುಳೆಯನ್ನು ಚೂರು ತಿರುಗಿಸಿ ಹಿಡಿಯುವ ಸ್ಟೀಲ್ ತುಂಡನ್ನು, ಮಾತ್ರ ಮೊದಲ ದಿನದಿಂದಲೇ ನೀವೇ ಮಾಡಿಕೊಳ್ಳಿ. ಲಿವರ್ ಬೀಗದ (ಅದೇನು ಅಂತ ಮುಂದೆ ಹೇಳುತ್ತೇನೆ) ಸಹವಾಸಕ್ಕೆ ಹೋದರೆ ಹೆಚ್ಚುಕಡಿಮೆ ಎಲ್ಲವನ್ನೂ ನೀವೇ ಮಾಡಿಕೊಳ್ಳಬೇಕಾಗುತ್ತದೆ. ಹದಿನೈದರ ಸೆಟ್ಟಿಗಿಂತ ಫಿಲ್ಲರ್ ಗೇಜೇ ಮೇಲು.

ಮುಂದೆ ಹೋಗುವ ಮುಂಚೆ ಎರಡು ಕಟ್ಟಳೆ. ಜಗತ್ತಿನ ಎಲ್ಲ ಕಡೆಯ ಹವ್ಯಾಸಿಗಳು ಪಾಲಿಸುವಂಥವು ಇವು. ನಿಮ್ಮದಲ್ಲದ ಬೀಗ ಮುಟ್ಟಬೇಡಿ. ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗ ಮುಟ್ಟಬೇಡಿ. ಮೊದಲನೆಯದಕ್ಕೆ ವಿವರಣೆ ಬೇಕಿಲ್ಲ. ಎರಡನೆಯದಕ್ಕೆ ಕಾರಣ ಯಂತ್ರದ್ದು: ಒಳಗಿನ ಉರುಳೆಯನ್ನು ಪಿಕ್‌ನಿಂದ ಪೂರ್ತಿ ಅರ್ಧ ಸುತ್ತು ತಿರುಗಿಸಿದರೆ ಅದರ ಕಂಡಿ (ಕೀ ತೂರಿಸುವ ಸೀಳು) ತಲೆಕೆಳಗಾಗಿ ಮೇಲಿನ ಪಿನ್‌ಗಳ ನೇರಕ್ಕೆ ಬರುತ್ತದೆ, ಪಿನ್‌ಗಳು ಕಂಡಿಯೊಳಕ್ಕೆ ಇಳಿದು ಕೂರುತ್ತವೆ. ಆಮೇಲೆ ರಾತ್ರಿ ಹನ್ನೊಂದಕ್ಕೆ ನಿಮ್ಮದೇ ಮನೆಯ ಹೊರಗೆ ನಿಂತು ಬೀಗದವನಿಗೆ ಫೋನ್ ಮಾಡುವ ಪಾಳಿ. ಇನ್ನು, ಸಾಧನಗಳನ್ನು ಬೈಕಿನ ಡಿಕ್ಕಿಯಲ್ಲಿ ಹೊತ್ತು ತಿರುಗಬೇಡಿ. ಕನ್ನ ಹಾಕುವ ಸಾಧನವನ್ನು ರಾತ್ರಿ ಹೊತ್ತು ಸಕಾರಣವಿಲ್ಲದೆ ಇಟ್ಟುಕೊಂಡು ಸಿಕ್ಕವರಿಗೆ ಶಿಕ್ಷೆ ವಿಧಿಸುವ ಕಲಮು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಇದೆ. ಬೀಟ್ ಪೊಲೀಸರಿಗೆ ನಡುರಾತ್ರಿ ‘ಹವ್ಯಾಸ’ ಅನ್ನುವ ಪದ ಬಿಡಿಸಿ ಹೇಳುವುದು ಸುಲಭವಲ್ಲ.

ಈಗ ಬೀಗದೊಳಗೆ ಹೋಗೋಣ. ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಮಾಡಿಸಿದ ಪಿನ್ ಬೀಗ ಇವತ್ತಿಗೂ ಹಾಗೇ ಇದೆ. ಒಂದು ಉರುಳೆ, ಅದರ ಮೇಲೆ ಸಾಲಾಗಿ ಐದಾರು ತೂತು, ಪ್ರತಿ ತೂತಿನಲ್ಲಿ ಕೆಳಗೊಂದು ಮೇಲೊಂದು ಪಿನ್, ಮೇಲೆ ಸ್ಪ್ರಿಂಗ್. ಎರಡು ಪಿನ್ ಸೇರುವ ಗೆರೆ ಉರುಳೆಯ ಅಂಚಿಗೆ ಸರಿಯಾಗಿ ಬಂದರೆ ಉರುಳೆ ತಿರುಗುತ್ತದೆ. ಆ ತೂತುಗಳನ್ನು ಕೊರೆಯುವಾಗ ಯಾವ ಕಾರ್ಖಾನೆಗೂ ಅವನ್ನು ಒಂದೇ ಗೆರೆಯ ಮೇಲೆ ಕೂದಲೆಳೆಯೂ ಆಚೀಚೆ ಆಗದಂತೆ ಕೊರೆಯಲು ಆಗುವುದಿಲ್ಲ. ಹಾಗಾಗಿ ಉರುಳೆಯನ್ನು ಚೂರು ತಿರುಗಿಸಿ ಹಿಡಿದರೆ ಯಾವುದೋ ಒಂದು ಪಿನ್ ಮೊದಲು ಬಿಗಿಯುತ್ತದೆ. ಅದನ್ನು ಎತ್ತಿದರೆ ಟಕ್ ಅಂತ ಕೂರುತ್ತದೆ, ಆಮೇಲೆ ಇನ್ನೊಂದು ಬಿಗಿಯುತ್ತದೆ. ತಿರುಗಿಸಿ ಹಿಡಿಯುವುದು ಟೆನ್ಷನ್ ಪಟ್ಟಿ, ಎತ್ತುವುದು ಪಿಕ್. ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಬೆರಳಿಗೆ ಬಿಟ್ಟದ್ದು.

ಆ ‘ಟಕ್’ ಬೆರಳಿಗೆ ಗೊತ್ತಾಗಬೇಕಾದರೆ ಪಿಕ್ ಬಾಗಬಾರದು, ಬೀಗದ ಗೋಡೆಗೆ ತಾಗಬಾರದು, ಪಿನ್ ಮೇಲೆ ಕರಕರ ಅನ್ನಬಾರದು. ಕೊಂಡದ್ದಾಗಲಿ ಮಾಡಿದ್ದಾಗಲಿ, ಪಿಕ್‌ನ ಯೋಗ್ಯತೆ ಅಳೆಯಲು ಈ ಮೂರು ಸಾಕು.

ಬಾಗದಿರುವುದರ ಹಿಂದೆ ಒಂದು ಲೆಕ್ಕವಿದೆ. ತೆಳು ಪಟ್ಟಿಯ ಬಿಗುವು ಅದರ ದಪ್ಪಕ್ಕೆ ತಕ್ಕಂತೆ ನೇರವಾಗಿ ಹೆಚ್ಚುತ್ತದೆ, ಎತ್ತರಕ್ಕೆ ತಕ್ಕಂತೆ ಘನದಲ್ಲಿ ಹೆಚ್ಚುತ್ತದೆ. 0.6 ಮಿ.ಮೀ. ದಪ್ಪದ ಬದಲು 0.5 ತೆಗೆದುಕೊಂಡರೆ ಬಿಗುವು ಆರರಲ್ಲೊಂದು ಪಾಲು ಕಡಿಮೆಯಾಗುತ್ತದೆ, ಅಷ್ಟೇ. ಆದರೆ ಪಿಕ್‌ನ ಕಡ್ಡಿಯ ಎತ್ತರವನ್ನು 2.5ರಿಂದ 2 ಮಿ.ಮೀ.ಗೆ ಇಳಿಸಿದರೆ ಅರ್ಧಕ್ಕರ್ಧ ಹೋಯಿತು. ಮನೆಯಲ್ಲಿ ಮಾಡುವವರು ಕೆಡುವುದೇ ಇಲ್ಲಿ. ಗೆರೆ ದಾಟಿತು ಅಂತ ಇನ್ನೊಂದು ಸುತ್ತು ಅರ ಹಾಕುತ್ತಾರೆ, ಅರ್ಧ ಮಿ.ಮೀ. ತಾನೇ ಅಂದುಕೊಳ್ಳುತ್ತಾರೆ. ಆ ಅರ್ಧ ಮಿ.ಮೀ.ನಲ್ಲಿ ಪಿಕ್ ರಬ್ಬರ್ ಆಗಿರುತ್ತದೆ.

ಅಮೆರಿಕ, ಕೆನಡಾ ಕಡೆಯ ಕಂಪನಿಗಳ ಪಿಕ್‌ಗಳು ಸಾಮಾನ್ಯವಾಗಿ ಮೂರು ದಪ್ಪದಲ್ಲಿ ಬರುತ್ತವೆ: ಸುಮಾರು 0.38, 0.5, 0.64 ಮಿ.ಮೀ. ಅವರ ಲೆಕ್ಕ ಇಂಚಿನಲ್ಲಿ, ಅದಕ್ಕೇ ಈ ವಿಚಿತ್ರ ಅಂಕಿ. 0.64ರದ್ದು ಅಮೆರಿಕದ ಅಗಲ ಕಂಡಿಗೆ ಹೇಳಿ ಮಾಡಿಸಿದ್ದು. ನೀವು ಅಭ್ಯಾಸಕ್ಕೆ ಕೊಳ್ಳುವ ಸಣ್ಣ ಹಿತ್ತಾಳೆ ಬೀಗದ ಕಂಡಿ ಅಷ್ಟು ಉದಾರಿಯಲ್ಲ. ಕೊಳ್ಳುವ ಮುಂಚೆ ಬೀಗದ ಕೈಯನ್ನು ತುದಿಯ ಕಡೆಯಿಂದ ಕಣ್ಣಿಗೆ ನೇರ ಹಿಡಿದು ನೋಡಿ. ಅಂಕುಡೊಂಕಾದ ಒಂದು ಆಕಾರ ಕಾಣುತ್ತದೆ. ಕಂಡಿಯ ಆಕಾರವೂ ಅದೇ. ಆ ಅಂಕುಡೊಂಕಿನ ನಡುವೆ ಮೇಲಿಂದ ಕೆಳಕ್ಕೆ ನೇರ ಗೆರೆ ಎಳೆದರೆ ಎಷ್ಟು ಜಾಗ ಸಿಗುತ್ತದೋ ಅದಕ್ಕಿಂತ ದಪ್ಪದ ಪಿಕ್ ಒಳಗೆ ಹೋದರೂ ಮೇಲೆ ಕೆಳಗೆ ಆಡುವುದಿಲ್ಲ. ಮೊದಲ ಪಿಕ್‌ಗೆ 0.5ರ ಆಸುಪಾಸಿನದ್ದನ್ನೇ ಆರಿಸಿಕೊಳ್ಳಿ.

ಈ ಅಗ್ಗದ ಸೆಟ್ಟನ್ನು ಒಮ್ಮೆ ಕೈಯಿಂದ ಕೈಗೆ ದಾಟಿಸಿ ನೋಡಿ. ಅಂಚಿನ ಮೇಲೆ ಉಗುರು ಎಳೆಯಿರಿ. ಗರಗಸದ ಹಾಗೆ ತಡೆಯುತ್ತದೆ ಅಲ್ಲವೇ? ತಗಡನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸಿದ್ದಾರೆ, ಆಮೇಲೆ ಉಜ್ಜುವ ಗೋಜಿಗೆ ಹೋಗಿಲ್ಲ. ಕೊಕ್ಕೆಯ ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ಬಿಡಿ. ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಹದಿನೈದರಲ್ಲಿ ಬಳಕೆಗೆ ಬರುವ ಆಕಾರ ಮೂರೋ ನಾಲ್ಕೋ. ಒಂದು ಗಿಡ್ಡ ಕೊಕ್ಕೆ, ಒಂದು ಅರೆವಜ್ರ (ತ್ರಿಕೋನ ಮೂತಿಯದ್ದು), ಬೇಕಿದ್ದರೆ ಪಿನ್ನುಗಳನ್ನೆಲ್ಲ ಒಟ್ಟಿಗೆ ಸವರುವ ಒಂದು ಅಲೆಯಾಕಾರದ ರೇಕ್. ಉಳಿದವು ಜೇಬಿನ ಕನ್ನಡಕಕ್ಕೆ ಸ್ಕ್ರೂ ಬಿಗಿಯಲು ಆದೀತು.

ಹಾಗಾದರೆ ಒಳ್ಳೆಯದನ್ನು ಯಾಕೆ ಕೊಳ್ಳಬೇಕು, ಮಾಡಿಕೊಳ್ಳಬಾರದೇ? ರುಚಿ ಗೊತ್ತಿಲ್ಲದವನು ಅಡುಗೆಗೆ ಉಪ್ಪು ಸಾಕೋ ಬೇಕೋ ಹೇಗೆ ಹೇಳುತ್ತಾನೆ! ಬೀಗ ತೆರೆಯದಿದ್ದಾಗ ಹೊಸಬನಿಗೆ ತಪ್ಪು ಕೈಯದ್ದೋ ಪಿಕ್‌ದ್ದೋ ತಿಳಿಯುವುದಿಲ್ಲ. ಕೆನಡಾದ ಸ್ಪ್ಯಾರೋಸ್, ಅಮೆರಿಕದ ಪೀಟರ್ಸನ್ ಅಥವಾ ಸೌತ್‌ಆರ್ಡ್, ಜರ್ಮನಿಯ ಮಲ್ಟಿಪಿಕ್, ಇವುಗಳಲ್ಲಿ ಯಾವುದಾದರೂ ಒಂದರ ಗಿಡ್ಡ ಕೊಕ್ಕೆ ನಿಮ್ಮ ಹತ್ತಿರವಿದ್ದರೆ ಅದೇ ಅಳತೆಗೋಲು. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಎರಡೂ ಬೀಳುತ್ತವೆ. ಒಂದೆರಡು ಪಿಕ್‌ಗಾಗಿ ಅಷ್ಟು ಕೊಡುವುದು ದಂಡ. ಮೂರ್ನಾಲ್ಕು ಜನ ಸೇರಿ ತರಿಸಿಕೊಳ್ಳಿ.

ಇಲ್ಲೊಂದು ಚೂರು ದಾರಿ ತಪ್ಪುತ್ತೇನೆ. ಕನ್ನಡದಲ್ಲಿ ‘ಕನ್ನಗತ್ತರಿ’ ಅನ್ನುವ ಪದವಿದೆ. ಗೋಡೆ ಕೊರೆಯುವ ಸಾಧನ ಅದು. ನಮ್ಮ ಹಳೆಯ ಕಳ್ಳರು ಬೀಗದ ತಂಟೆಗೇ ಹೋಗುತ್ತಿರಲಿಲ್ಲ, ಮಣ್ಣಿನ ಗೋಡೆಗೆ ಕನ್ನ ಕೊರೆದು ನುಗ್ಗುತ್ತಿದ್ದರು. ಈಗಿನವರಿಗೂ ಕಬ್ಬಿಣದ ರಾಡು ಸಾಕು. ಬೀಗವನ್ನು ನಾಜೂಕಾಗಿ ಬಿಡಿಸುವ ಚಟ ಯಾವಾಗಲೂ ಬೀಗದವರದ್ದೇ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಹೊತ್ತಿಗೆ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅನ್ನುವ ಬೀಗದವನು ಬ್ರಾಮಾ ಕಂಪನಿಯ ಬೀಗ ಬಿಡಿಸಿ 200 ಗಿನ್ನಿ ಗೆದ್ದ. 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ಹಿಡಿಯಿತು. ಆ ಬೀಗಕ್ಕೆ ಸಾಧನ ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಅದಕ್ಕೆಂದೇ ಬೇರೆ ಮಾಡಿಕೊಂಡ.

ನಮ್ಮ ಲಿವರ್ ಬೀಗದ ಕಥೆಯೂ ಅದೇ. ಅಲಿಗಢದ ಬೀಗ, 2019ರಲ್ಲಿ ಜಿ.ಐ. (ಭೌಗೋಳಿಕ ಗುರುತಿನ) ಪಟ್ಟ ಪಡೆದ ದಿಂಡಿಗಲ್ ಬೀಗ, ಮನೆಮನೆಯಲ್ಲಿರುವ ಗೋದ್ರೆಜ್ ನವ್‌ತಾಲ್, ಇವೆಲ್ಲ ಲಿವರ್ ಜಾತಿ. ಒಳಗೆ ಪಿನ್ ಇಲ್ಲ, ಒಂದರ ಮೇಲೊಂದು ಜೋಡಿಸಿದ ತಗಡಿನ ಲಿವರ್‌ಗಳಿವೆ. ಒಂದು ಬಗ್ಗಿಸಿದ ತಂತಿ ಬೋಲ್ಟನ್ನು ಒತ್ತಿ ಹಿಡಿಯಬೇಕು, ಇನ್ನೊಂದು ತಂತಿ ಒಂದೊಂದೇ ಲಿವರ್ ಎತ್ತಬೇಕು. ಎರಡೂ ಒಂದೇ ಸಣ್ಣ ತೂತಿನಲ್ಲಿ ತೂರಬೇಕು. ತೂತಿನ ಅಳತೆ, ಬೋಲ್ಟಿನ ಆಳ ಬೀಗದಿಂದ ಬೀಗಕ್ಕೆ ಬೇರೆ. ಎಲ್ಲಕ್ಕೂ ಹೊಂದುವ ಒಂದು ಸೆಟ್ಟು ಅನ್ನುವುದೇ ಇಲ್ಲ. ಇದೇ ಇನ್ನೊಂದು ಉಪನ್ಯಾಸಕ್ಕಾಗುವಷ್ಟಿದೆ, ಇಲ್ಲಿಗೆ ಬಿಡುತ್ತೇನೆ. ನೆನಪಿಡಬೇಕಾದ್ದು ಇಷ್ಟೇ: ಆನ್‌ಲೈನ್ ಸೆಟ್ಟು ತರಿಸಿಕೊಂಡು ಮನೆಯ ಹಳೇ ಲಿವರ್ ಬೀಗಕ್ಕೆ ತುರುಕಿ ‘ನನಗೆ ಬರಲ್ಲ’ ಅಂತ ಕೈಚೆಲ್ಲಬೇಡಿ. ಅದು ಆ ಬೀಗಕ್ಕೆ ಮಾಡಿದ ಸಾಧನವೇ ಅಲ್ಲ.

ಇನ್ನು ಮಾಡಿಕೊಳ್ಳುವ ವಿಷಯ. ಮೊದಲು ಮಾಲು.

ಎಲ್ಲರೂ ಕೈ ಹಾಕುವುದು ಹ್ಯಾಕ್ಸಾ ಬ್ಲೇಡಿಗೆ. 300 ಮಿ.ಮೀ. ಉದ್ದ, ದಪ್ಪ ಸುಮಾರು 0.65. ಇದರಲ್ಲಿ ಮುಖ್ಯವಾಗಿ ಎರಡು ಜಾತಿ ಇದೆ, ಅಂಗಡಿಯವರು ಹೇಳುವುದಿಲ್ಲ. ಪೂರ್ತಿ ಹೈಸ್ಪೀಡ್ ಸ್ಟೀಲಿನದ್ದು ಗಾಜಿನ ಹಾಗೆ. ಪಿಕ್ ಚೆನ್ನಾಗಿಯೇ ಆಗುತ್ತದೆ, ಒಂದು ದಿನ ಬೀಗದೊಳಗೆ ತುದಿ ಬಿಟ್ಟು ಬರುತ್ತದೆ. ಬೈಮೆಟಲ್ ಬ್ಲೇಡಿನಲ್ಲಿ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಸ್ಟೀಲು, ಬೆನ್ನು ಸ್ಪ್ರಿಂಗ್ ಸ್ಟೀಲು. ಹಲ್ಲಿನ ಕಡೆಯಿಂದ ಎರಡು ಮೂರು ಮಿ.ಮೀ. ಸಾಣೆಯಲ್ಲಿ ಕಳೆದರೆ ಉಳಿಯುವುದು ನಮಗೆ ಬೇಕಾದದ್ದು. ಬ್ಲೇಡು ಬಿಲ್ಲಿನ ಹಾಗೆ ಬಾಗಿ ವಾಪಸ್ ಬಂದರೆ ಬೈಮೆಟಲ್. ಪರೀಕ್ಷೆ ಮಾಡುವಾಗ ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿ. ಇನ್ನೊಂದು ಜಾತಿಯದಾದರೆ ಚೂರು ಕಣ್ಣಿಗೇ ಹಾರುತ್ತದೆ.

ಇದಕ್ಕಿಂತ ಮೇಲಾದ್ದು ಫಿಲ್ಲರ್ ಗೇಜ್. ಹದಿಮೂರು ಎಲೆಯ ಮಾಮೂಲಿ ಗೇಜಿನಲ್ಲಿ 0.05ರಿಂದ 1 ಮಿ.ಮೀ.ವರೆಗೆ ಎಲೆಗಳಿರುತ್ತವೆ. 0.4, 0.5, 0.6 ಪಿಕ್‌ಗೆ. 0.8, 0.9, 1 ಟೆನ್ಷನ್ ಪಟ್ಟಿಗೆ. ಸಣ್ಣವನ್ನು ಬೈಕಿನ ಟ್ಯಾಪೆಟ್ ಸಂದು ನೋಡಲು ಇಟ್ಟುಕೊಳ್ಳಿ. ದಪ್ಪ ಕರಾರುವಾಕ್ಕು, ಎರಡೂ ಮುಖ ಆಗಲೇ ನುಣುಪು, ಹದ (ಕಾಯಿಸಿ ಕೊಟ್ಟ ಗಟ್ಟಿತನ) ಕಾರ್ಖಾನೆಯದ್ದು. ಬೆಂಗಳೂರಿನ ಜೆ.ಸಿ. ರೋಡಿನ ಆಟೋಮೊಬೈಲ್ ಅಂಗಡಿಗಳಲ್ಲಿ, ಕಲಾಸಿಪಾಳ್ಯದಲ್ಲಿ, ಎಸ್.ಪಿ. ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಕೇಳಿ. ಸ್ಟೇನ್‌ಲೆಸ್ ತಗಡು ಕೊಳ್ಳುವ ಮುಂಚೆ ಮಾತ್ರ ಯೋಚಿಸಿ. ಅಂಗಡಿಯಲ್ಲಿ ಸಲೀಸಾಗಿ ಸಿಗುವ 304 ತಗಡು ಮೆತ್ತಗೆ, ಪಾತ್ರೆಗೆ ಸರಿ. ಪಿಕ್‌ಗೆ ಬೇಕಾದ್ದು ರೋಲಿನಲ್ಲಿ ಒತ್ತಿ ಗಟ್ಟಿ ಮಾಡಿದ 301. ಅದನ್ನು ಕಾಯಿಸಿ ಮೆತ್ತಗಾಗಿಸಿದರೆ ಮತ್ತೆ ಹದ ಹಾಕಲು ಬರುವುದಿಲ್ಲ.

ಈಗ ಒಂದು ಗಿಡ್ಡ ಕೊಕ್ಕೆಯನ್ನು ಮೊದಲಿಂದ ಕೊನೆವರೆಗೆ ಮಾಡೋಣ. ಗೇಜಿನ ಸ್ಕ್ರೂ ಬಿಚ್ಚಿ 0.5ರ ಎಲೆ ತೆಗೆಯಿರಿ. ಮೇಲಿನ ಎಣ್ಣೆಯನ್ನು ಸಾಬೂನಿನಲ್ಲಿ ತೊಳೆದು ಒರೆಸಿ, ಕಪ್ಪು ಪರ್ಮನೆಂಟ್ ಮಾರ್ಕರ್ ಬಳಿದು, ಸೂಜಿಯಿಂದ ಆಕಾರ ಗೀರಿ. ಬೀಗದೊಳಗೆ ಹೋಗುವ ಕಡ್ಡಿ 40 ಮಿ.ಮೀ. ಇರಲಿ, ಉಳಿದದ್ದು ಪೂರ್ತಿ ಅಗಲದಲ್ಲಿ ಹಿಡಿ. ಪಿನ್‌ಗಳ ನಡುವೆ ಸುಮಾರು 4 ಮಿ.ಮೀ. ಅಂತರ ಇರುವುದರಿಂದ ಐದು ಪಿನ್ನಿನ ಬೀಗಕ್ಕೆ 40 ಧಾರಾಳ. ಕಡ್ಡಿಯ ಎತ್ತರ ಹಿಡಿಯ ಹತ್ತಿರ 2.5, ತುದಿಯ ಹತ್ತಿರ 2. ಒತ್ತಡ ಹೆಚ್ಚು ಬೀಳುವುದು ಹಿಡಿಯ ಕಡೆ, ಅಲ್ಲಿ ಜಿಪುಣತನ ಮಾಡಬೇಡಿ. ಕೊಕ್ಕೆಯ ಮೂತಿ ಕಡ್ಡಿಗಿಂತ ಒಂದೂವರೆ ಮಿ.ಮೀ. ಮೇಲೇಳಲಿ.

ಕಡ್ಡಿ ಹಿಡಿಗೆ ಸೇರುವ ಮೂಲೆ ಚೌಕವಾಗಿರಬಾರದು. ಕನಿಷ್ಠ 5 ಮಿ.ಮೀ. ತ್ರಿಜ್ಯದ ದುಂಡು ಬೇಕು. ಮುರಿಯುವ ಪಿಕ್‌ಗಳಲ್ಲಿ ಬಹುಪಾಲು ಮುರಿಯುವುದು ಆ ಮೂಲೆಯಲ್ಲೇ, ಕತ್ತರಿ ಹಾಕಿದ ಬಟ್ಟೆ ಅಲ್ಲಿಂದಲೇ ಹರಿಯುತ್ತದಲ್ಲ, ಹಾಗೆ.

ತೆಳು ಎಲೆಯನ್ನು ಹಾಗೇ ವೈಸಿಗೆ ಹಿಡಿದರೆ ಕೀರಲು ದನಿಯಲ್ಲಿ ನಡುಗುತ್ತದೆ, ಅರ ಜಾರುತ್ತದೆ. ಎರಡು ಗಟ್ಟಿ ಮರದ ತುಂಡಿನ ನಡುವೆ ಇಟ್ಟು, ಗೀರಿದ ಗೆರೆ ಮಾತ್ರ ಹೊರಗೆ ಕಾಣುವಂತೆ ಬಿಗಿಯಿರಿ. ಮಿನಿ ಗ್ರೈಂಡರಿನ ಕಟಿಂಗ್ ಡಿಸ್ಕಿನಿಂದ ಗೆರೆಗಿಂತ ಅರ್ಧ ಮಿ.ಮೀ. ಹೊರಗೆ ಕತ್ತರಿಸಿ. ಉಳಿದದ್ದನ್ನು ನೀಡಲ್ ಫೈಲ್‌ಗೆ ಬಿಡಿ. ಗಟ್ಟಿ ಎಲೆಗೆ ಮಾಮೂಲಿ ಅರ ನಿಧಾನ, ಡೈಮಂಡ್ ಪುಡಿಯದ್ದು ಚೆನ್ನ. ಆಕಾರ ಪೂರ್ತಿಯಾಗುವ ಮುಂಚೆಯೇ ಕಡ್ಡಿಯನ್ನು ಬೀಗಕ್ಕೆ ತೂರಿಸಿ ನೋಡಿ. ದಪ್ಪ ಹೊಂದದಿದ್ದರೆ 0.4ರ ಎಲೆಗೆ ಇಳಿಯಿರಿ, ಎತ್ತರ ಕಾಲು ಮಿ.ಮೀ. ಹೆಚ್ಚಿಸಿ. ಹಿಂದೆ ಹೇಳಿದ ಲೆಕ್ಕ ನೆನಪಿದೆಯಲ್ಲ, ದಪ್ಪದಲ್ಲಿ ಕಳೆದದ್ದನ್ನು ಎತ್ತರ ತುಂಬಿಕೊಡುತ್ತದೆ.

ಗ್ರೈಂಡರ್ ಹಿಡಿದಾಗ ಬಣ್ಣದ ಮೇಲೆ ಕಣ್ಣಿರಲಿ. ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ. ಕಾರ್ಬನ್ ಸ್ಟೀಲು 220 ಡಿಗ್ರಿಯ ಆಸುಪಾಸಿನಲ್ಲಿ ಹುಲ್ಲಿನ ಹಳದಿಗೆ ತಿರುಗುತ್ತದೆ, 300ರ ಹೊತ್ತಿಗೆ ನೀಲಿ. ಹಳದಿ ಕಂಡ ತಕ್ಷಣ ಎಸೆಯಬೇಡಿ, ಸ್ಪ್ರಿಂಗ್ ಸ್ಟೀಲಿಗೆ ಅದು ಏನೂ ಅಲ್ಲ. ನೀಲಿ ಬಂದರೆ ನಿಲ್ಲಿಸಿ. ನೀಲಿ ದಾಟಿ ಬೂದು ಆಯಿತು ಅಂದರೆ ಹದ ಹೋಯಿತು, ಆ ಭಾಗ ಸೀಸದ ಹಾಗೆ ಬಾಗುತ್ತದೆ. ತುದಿ ತೀರಾ ಸಣ್ಣದಿರುವುದರಿಂದ ಮೊದಲು ಸುಡುವುದೇ ಅದು. ಮೂತಿಯನ್ನು ಕೈ ಅರದಲ್ಲೇ ಮಾಡಿ, ಗ್ರೈಂಡರ್ ಹತ್ತಿರ ಒಯ್ಯಬೇಡಿ.

ಕೆಲಸದ ಅರ್ಧ ಸಮಯ ಹೋಗಬೇಕಾದ್ದು ಉಜ್ಜುವುದಕ್ಕೆ. ಪೇಂಟರ್‌ಗಳ ವಾಟರ್ ಪೇಪರನ್ನು ಐಸ್‌ಕ್ಯಾಂಡಿ ಕಡ್ಡಿಗೆ ಸುತ್ತಿ 220, 400, 800, 1200, ಹೀಗೆ ಹೋಗಿ. ನಡುವಿನ ನಂಬರ್ ಹಾರಿಸಿದರೆ ಹಿಂದಿನ ಗೀರು ಹೋಗದೆ ಸುಮ್ಮನೆ ಹೊಳೆಯುತ್ತದೆ. ಕೊನೆಯ ಗೀರುಗಳೆಲ್ಲ ಕಡ್ಡಿಯ ಉದ್ದಕ್ಕೇ ಇರಬೇಕು. ಅಡ್ಡ ಗೀರು ಬಿರುಕಿಗೆ ಬಾಗಿಲು. ನಾಲ್ಕೂ ಅಂಚನ್ನು ದುಂಡು ಮಾಡಿ, ಮೂತಿಯನ್ನು ಅಕ್ಕಿಕಾಳಿನ ತುದಿಯ ಹಾಗೆ. ಆಮೇಲೆ ಬ್ರಾಸೋ ಪಾಲಿಶ್ ಹಾಕಿ ಉಜ್ಜಿ. ಸಾಕಾಯಿತೋ ಇಲ್ಲವೋ ತಿಳಿಯಲು ಪಿಕ್ಕನ್ನು ಹತ್ತಿಯ ಉಂಡೆಯ ಮೇಲೆ ಎಳೆಯಿರಿ. ಒಂದು ಎಳೆ ಸಿಕ್ಕಿಕೊಂಡರೂ ಅದೇ ಜಾಗಕ್ಕೆ ವಾಪಸ್ 800.

ಹಿಡಿಗೆ ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ 10 ಮಿ.ಮೀ. ಹೀಟ್‌ಶ್ರಿಂಕ್ ಕೊಳವೆ. ಒಂದು ಪದರ ಸಾಕು. ಮೂರು ಪದರ ಸುತ್ತಿದರೆ ಮೆತ್ತಗಿರುತ್ತದೆ ನಿಜ, ‘ಟಕ್’ ಮಾತ್ರ ಕೊಳವೆಯಲ್ಲೇ ಸತ್ತುಹೋಗುತ್ತದೆ.

ಟೆನ್ಷನ್ ಪಟ್ಟಿಗೆ ಬರೋಣ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಹೊಸಬರ ಬೀಗ ತೆರೆಯದಿರಲು ಹತ್ತರಲ್ಲಿ ಎಂಟು ಸಲ ಇದೇ ಕಾರಣ ಅನ್ನುವುದು ನನ್ನ ವಾದ. ಪಟ್ಟಿ ಕಂಡಿಯಲ್ಲಿ ಅಲ್ಲಾಡದೆ ಕೂರಬೇಕು. ಸಡಿಲವಿದ್ದರೆ ಒತ್ತಡ ಪಿನ್ನಿಗೆ ತಲುಪುವ ಮುಂಚೆಯೇ ಜಾರಿಹೋಗುತ್ತದೆ. ಸೆಟ್ಟಿನಲ್ಲಿ ಬರುವ ಪಟ್ಟಿ ಯಾವುದೋ ದೇಶದ ಯಾವುದೋ ಕಂಡಿಗೆ ಮಾಡಿದ್ದು. ನಿಮ್ಮ ಬೀಗಕ್ಕೆ ನೀವೇ ಅರ ಹಾಕಿ ಹೊಂದಿಸಿದ್ದರ ಹಾಗೆ ಅದು ಕೂರಲಾರದು.

ಮಾಲು ಬಿಟ್ಟಿ. ಕಾರಿನ ಹಳೇ ವೈಪರಿನ ರಬ್ಬರ್ ಒಳಗೆ ಎರಡು ಸ್ಟೀಲ್ ಪಟ್ಟಿಗಳಿರುತ್ತವೆ. ಗ್ಯಾರೇಜಿನವರು ಬಿಸಾಡುತ್ತಾರೆ, ಕೇಳಿದರೆ ಕೊಡುತ್ತಾರೆ. 80 ಮಿ.ಮೀ. ಕತ್ತರಿಸಿ. ತುದಿಯಿಂದ 6 ಮಿ.ಮೀ. ಬಿಟ್ಟು ಕಟಿಂಗ್ ಪ್ಲೇಯರಿನಲ್ಲಿ ನಿಧಾನಕ್ಕೆ 90 ಡಿಗ್ರಿಗೆ ಬಗ್ಗಿಸಿ. ಒಂದೇ ಏಟಿಗೆ ಮಡಚಿದರೆ ಹೊರಮೈ ಬಿರಿಯುತ್ತದೆ, 2 ಮಿ.ಮೀ. ಮೊಳೆಯ ಸುತ್ತ ಬಗ್ಗಿಸಿದರೆ ಬಿರಿಯುವುದಿಲ್ಲ. ಇದು ಕಂಡಿಯ ತಳಕ್ಕೆ. ಕಂಡಿಯ ಬಾಯಲ್ಲೇ, ಮೇಲ್ಭಾಗಕ್ಕೆ ಕೂರಿಸುವ ಇನ್ನೊಂದು ಬಗೆ ಇದೆ. ಅದಕ್ಕೆ ಗೇಜಿನ 1 ಮಿ.ಮೀ. ಎಲೆಯಿಂದ ಪಟ್ಟಿ ಸೀಳಿ, ತುದಿಯ ಮೂರು ನಾಲ್ಕು ಮಿ.ಮೀ. ಮಾತ್ರ ಕಂಡಿಯೊಳಗೆ ಬಿಗಿಯಾಗಿ ನಿಲ್ಲುವ ಅಗಲಕ್ಕೆ ಅರ ಹಾಕಿ. ಪಿಕ್ ಆಡಲು ಕಂಡಿಯೆಲ್ಲ ಖಾಲಿ ಸಿಗುವುದು ಇದರ ಲಾಭ. ಒಳಗೆ ಉದ್ದ ಹೋದರೆ ಮೊದಲ ಪಿನ್ನಿಗೆ ತಾಗುತ್ತದೆ, ಎಷ್ಟು ಹೊತ್ತು ಕೂತರೂ ತೆರೆಯುವುದಿಲ್ಲ. ಗೇಜಿನ ಎಲೆಯನ್ನು ತಣ್ಣಗೆ ಮಡಚಲು ಹೋದರೆ ಪಟ್ ಅನ್ನುತ್ತದೆ. ಮಡಿಕೆಯ ಜಾಗವನ್ನಷ್ಟೇ ಕೆಂಪಗೆ ಕಾಯಿಸಿ, ಬಗ್ಗಿಸಿ, ಗಾಳಿಯಲ್ಲೇ ಆರಲು ಬಿಡಿ. ಅವಸರಕ್ಕೆ ನೀರಿಗೆ ಅದ್ದಿದರೆ ಗಾಜಾಗುತ್ತದೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿದರೆ ಆಗದೇ? ಆಗುತ್ತದೆ, ಮೂರು ವಿಷಯ ಕೇಳಿಕೊಂಡು ಹೋಗಿ. ತಗಡು ಯಾವುದು ಅಂತ ನೀವು ಹೇಳದಿದ್ದರೆ ಅವರು 304 ಹಾಕುತ್ತಾರೆ. ತಗಡನ್ನು ನೀವೇ ಒಯ್ಯಿರಿ. ಲೇಸರ್ ಹಾದ ಅಂಚು ಸುಟ್ಟಿರುತ್ತದೆ, ಕೆಳಮುಖದಲ್ಲಿ ಸಣ್ಣ ಮುಳ್ಳು ನಿಂತಿರುತ್ತದೆ, ಉಜ್ಜುವ ಕೆಲಸ ತಪ್ಪುವುದಿಲ್ಲ. ವೈರ್ ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಕೊಯ್ಯುವುದು) ಇದಕ್ಕಿಂತ ಚೊಕ್ಕ: ಹತ್ತಿಪ್ಪತ್ತು ತಗಡು ಒಟ್ಟಿಗೆ ಅಡುಕಿ ಒಂದೇ ಸಲಕ್ಕೆ ಕೊಯ್ಯಬಹುದು, ಅಂಚು ನಯವಾಗಿ ಬರುತ್ತದೆ. ಒಂದೇ ಪಿಕ್‌ಗೆ ಅಂತ ಹೋದರೆ ಯಾರೂ ಮಷಿನ್ ಸೆಟ್ ಮಾಡುವುದಿಲ್ಲ. ಆಕಾರವನ್ನು ಕೈಯಲ್ಲಿ ಎರಡು ಮೂರು ಸಲ ಮಾಡಿ ನೋಡಿ, ಇದೇ ಸರಿ ಅನ್ನಿಸಿದ ಮೇಲೆ ಹೋಗಿ. ಕಂಪ್ಯೂಟರಿನಲ್ಲಿ ತಪ್ಪು ಬಿಡಿಸಿದರೆ ಇಪ್ಪತ್ತು ತಪ್ಪು ಪಿಕ್ ಕೈಗೆ ಬರುತ್ತವೆ.

ಅಭ್ಯಾಸಕ್ಕೆ ಬೀಗ ಎಲ್ಲಿ ಅಂತಲೂ ಕೇಳಿದ್ದಾರೆ. ಗುಜರಿ ಅಂಗಡಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್. ಕೀ ಸಮೇತ ಇರುವುದನ್ನೇ ತೆಗೆದುಕೊಳ್ಳಿ. ಕೀ ಇಲ್ಲದ ಬೀಗ ತೆರೆಯದಿದ್ದರೆ ನಿಮ್ಮ ತಪ್ಪೋ, ಒಳಗೆ ತುಕ್ಕು ಹಿಡಿದಿದೆಯೋ ಎಂದೂ ಗೊತ್ತಾಗುವುದಿಲ್ಲ. ತುಕ್ಕಿನ ಮಾತು ಬಂತು ಅಂತ ಹೇಳುತ್ತೇನೆ: ಗೇಜಿನಿಂದ ಮಾಡಿದ ಪಿಕ್ ಸ್ಟೇನ್‌ಲೆಸ್ ಅಲ್ಲ. ಬೆರಳಿನ ಬೆವರು ಸಾಕು, ಮಳೆಗಾಲದಲ್ಲಿ ಒಂದೇ ವಾರಕ್ಕೆ ಚುಕ್ಕೆ ಏಳುತ್ತದೆ, ಇಷ್ಟು ಉಜ್ಜಿದ್ದೆಲ್ಲ ನೀರುಪಾಲು. ಎತ್ತಿಡುವ ಮುಂಚೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿಡಿ.